ಓಡುವ ಶಾಸ್ತ್ರ

ಕರಿ ವ್ಯಾನು ಬರುವ ಸಂಜೆ ನಮ್ಮೂರಲ್ಲಿ ಯಾರೂ ಹಿತ್ತಿಲ ಬಾಗಿಲಿಗೆ ಚಿಲಕ ಹಾಕುವುದಿಲ್ಲ. ಚಿಲಕ ಕಂಡರೆ ಈ ಮನೆಯವರಿಗೆ ಮನಸ್ಸಿಲ್ಲವೇನೋ ಅಂದುಕೊಂಡು ವ್ಯಾನಿನವರು ಮುಂದಿನ ಮನೆಗೆ ಹೋಗಿಬಿಟ್ಟಾರು ಎಂಬ ಭಯ. ಹುಡುಗನಿಗೆ ಎಣ್ಣೆ ಹಚ್ಚಿ ಎರೆದು, ಹೊಸ ಅಂಗಿ ಹಾಕಿಸಿ, ಕೈಗೆ ಬುತ್ತಿ ಕಟ್ಟಿಕೊಟ್ಟು, ‘ಏನೂ ಗೊತ್ತಿಲ್ದೋನಂಗೆ ಓದ್ಕೊಂತ ಕೂತ್ಕೋ’ ಎಂದು ನಡುಮನೆಯಲ್ಲಿ ಕೂರಿಸುತ್ತಾರೆ. ಅಪಹರಣವಾದರೆ ಅಪಹರಣದ ಹಾಗೇ ಆಗಬೇಕು. ಕಾಟಾಚಾರಕ್ಕೆ ಆಗಬಾರದು.

ಹದಿನೈದು ತುಂಬಿದ ಮೇಲೆ ನಮ್ಮೂರ ಮಕ್ಕಳಿಗೆ ಏನೋ ಒಂದು ಬರುತ್ತದೆ. ಅದಕ್ಕೆ ಬೇರೆ ಹೆಸರಿಲ್ಲ, ‘ಬಂತು’ ಅನ್ನುತ್ತಾರೆ ಅಷ್ಟೇ. ‘ನಮ್ಮವನಿಗೆ ಯುಗಾದಿ ಆದ್ಮೇಲೆ ಬಂತ್ರೀ, ಗೋಡೆ ಆಚೇದು ಕಾಣ್ತೈತೆ’ ಅನ್ನುವ ತಾಯಿ ಆ ಮಗನನ್ನು ಮೊದಲು ಬಳಸುವುದು ಪಕ್ಕದ ಮನೆಯಲ್ಲಿ ಇವತ್ತು ಏನು ಸಾರು ಎಂದು ತಿಳಿಯಲು. ಗಾಳಿಯಲ್ಲಿ ತೇಲುವ ಹುಡುಗಿ ಫ್ಯಾನಿನ ರೆಕ್ಕೆ ಒರೆಸುತ್ತಾಳೆ. ಬೆಂಕಿ ಉಗುಳುವವನಿಗೆ ಮದುವೆ ಮನೆಗಳ ಒಲೆ ಹೊತ್ತಿಸುವ ಕೆಲಸ. ಇವರಲ್ಲಿ ಜೋರಾಗಿ ಬಂದವರನ್ನು ಕರಿ ವ್ಯಾನು ಎತ್ತಿಕೊಂಡು ಹೋಗುತ್ತದೆ. ಎಲ್ಲಿಗೆ ಅಂತ ಯಾರಿಗೂ ಗೊತ್ತಿಲ್ಲ. ಹೋದವರು ಒಬ್ಬರೂ ತಿರುಗಿ ಬಂದಿಲ್ಲ, ಒಂದು ಫೋನೂ ಮಾಡಿಲ್ಲ. ‘ಅಲ್ಲಿ ಅಷ್ಟು ಜವಾಬ್ದಾರಿ ಇರ್ತೈತೆ, ಟೈಮ್ ಎಲ್ಲಿ ಸಿಗಬೇಕು’ ಎನ್ನುತ್ತಾರೆ ಹೆತ್ತವರು. ಅನ್ನುವಾಗ ಎಲ್ಲೋ ನೋಡುತ್ತಿರುತ್ತಾರೆ.

ನಮ್ಮಪ್ಪ ಹಾಲೇಶಪ್ಪನದು ಫೋಟೊಗೆ ಕಟ್ಟು ಹಾಕುವ ಅಂಗಡಿ. ವ್ಯಾನು ಬಂದು ಹೋದ ವಾರ ಅಪ್ಪನಿಗೆ ಕೈತುಂಬ ಕೆಲಸ. ಹೋದ ಮಕ್ಕಳ ಫೋಟೊ ದೊಡ್ಡದು ಮಾಡಿಸಿ ತಂದು ಕಟ್ಟು ಹಾಕಿಸುತ್ತಾರೆ. ಅದಕ್ಕೆ ಹಾರ ಹಾಕಬೇಕೋ ಬೇಡವೋ ಎಂಬುದು ಬಹಳ ದಿನ ಊರಲ್ಲಿ ತೀರ್ಮಾನವಾಗದ ಪ್ರಶ್ನೆಯಾಗಿತ್ತು. ಹಾಕಿದರೆ ಸತ್ತವರ ಹಾಗೆ ಕಾಣುತ್ತದೆ, ಹಾಕದಿದ್ದರೆ ಬೋಳು ಬೋಳು. ಕೊನೆಗೆ ಅಪ್ಪನೇ ಒಂದು ದಾರಿ ಹುಡುಕಿದ. ಮಿಣಿ ಮಿಣಿ ಎನ್ನುವ ಸೀರಿಯಲ್ ಲೈಟಿನ ಸರ. ಈಗ ಸಂಜೆ ಬೀದಿಯಲ್ಲಿ ನಡೆದು ಹೋದರೆ ಮನೆ ಮನೆಯಲ್ಲೂ ಒಂದೊಂದು ಮುಖ ಕೆಂಪಾಗಿ ಹಸಿರಾಗಿ ಮತ್ತೆ ಕೆಂಪಾಗುತ್ತ ಕಾಣುತ್ತದೆ. ದಿನಾ ಬೇರೆಯವರ ಮಕ್ಕಳ ಮುಖ ಒರೆಸಿ ಕಟ್ಟು ಹಾಕುವ ಅಪ್ಪನಿಗೆ ನಮ್ಮ ಮನೆಯ ಗೋಡೆ ಖಾಲಿ ಇದ್ದದ್ದು ದೊಡ್ಡ ಸಂಕಟ. ಊಟಕ್ಕೆ ಕೂತಾಗ ಆ ಗೋಡೆಗೆ ಬೆನ್ನು ಹಾಕಿಯೇ ಕೂರುತ್ತಿದ್ದ.

ಅದು ಖಾಲಿ ಇದ್ದದ್ದಕ್ಕೆ ಕಾರಣ ನಾನು, ಮುಕ್ತಾ, ಮನೆಯ ಹಿರಿಮಗಳು. ನನಗೆ ಬಂದದ್ದು ಸೋದರತ್ತೆ ಮತ್ತು ಮಾವ ಕಾಫಿಗೆ ಬಂದ ದಿನ. ಲೋಟ ಕೊಡಲು ಹೋಗಿ ಅದರ ಮೇಲೆ ಅಂಗೈ ಇಟ್ಟುಕೊಂಡು ಮಾತಾಡುತ್ತಿದ್ದೆ. ಅತ್ತೆ ಎತ್ತಲು ಹೋದರೆ ಲೋಟ ಏಳಲಿಲ್ಲ. ಮಾವ ಎದ್ದು ಎರಡೂ ಕೈಯಲ್ಲಿ ಎಳೆದು ಸೊಂಟ ಉಳುಕಿಸಿಕೊಂಡರು. ನಾನು ಕೈ ತೆಗೆದೆ, ಲೋಟ ಎದ್ದಿತು. ನಾನು ಅಂಗೈ ಇಟ್ಟದ್ದು, ಕೈ ತೆಗೆಯುವ ತನಕ ಇದ್ದಲ್ಲಿಂದ ಕದಲುವುದಿಲ್ಲ. ಅಷ್ಟೇ. ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ‘ಕದಲ್ದಂಗೆ ಮಾಡೋದೂ ಒಂದು ಬರೋದೇನೇ? ಅದು ನಮ್ಮ ಪುರಸಭೆಗೂ ಐತಲ್ಲ!’

ಮರುದಿನ ಅಂಗಡಿಗೆ ಬಂದು ಕೇಳಿದವರಿಗೆಲ್ಲ, ನಮ್ಮ ಮುಕ್ತಾಗೆ ಮಳೆ ಬರೋದು ಮುಂಚೇನೇ ಗೊತ್ತಾಗ್ತೈತೆ ಎಂದುಬಿಟ್ಟ. ಅಂದಿನಿಂದ ಸಂಡಿಗೆ ಒಣಹಾಕುವ ಹೆಂಗಸರೆಲ್ಲ ನಮ್ಮ ಗೇಟಿಗೆ. ನಾನು ಬಾಯಿಗೆ ಬಂದದ್ದು ಹೇಳಿ ಕಳಿಸುತ್ತಿದ್ದೆ. ಬೀದಿಯ ಸಂಡಿಗೆಯೆಲ್ಲ ಒಂದೆರಡು ಸಲ ನೆನೆದ ಮೇಲೆ ಕೇಳುವುದು ನಿಂತಿತು. ಆದರೂ ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಎಲ್ಲರ ಮನೆಯಲ್ಲೂ ಇಂಥದ್ದು ಒಂದಲ್ಲ ಒಂದು ಇದ್ದೇ ಇತ್ತು. ಎದುರುಮನೆಯ ಸರ್ವಕ್ಕನ ಮಗ ಪ್ರಾಣಿಗಳ ಮಾತು ತಿಳಿಯುವವನೆಂದು ಹೆಸರಾಗಿದ್ದ, ಅವರ ಮನೆಯ ನಾಯಿಯೇ ಅವನಿಗೆ ಎರಡು ಸಲ ಕಚ್ಚಿತ್ತು. ಏನೂ ಬಂದಿಲ್ಲ ಅನ್ನುವ ಮಾತೊಂದನ್ನು ಮಾತ್ರ ನಮ್ಮೂರಲ್ಲಿ ಹೆತ್ತವರು ಸಾಯುವ ತನಕ ಆಡುವುದಿಲ್ಲ.

ಹಾಗಾಗಿ ಅಪ್ಪನ ಆಸೆಯೆಲ್ಲ ನನ್ನ ತಮ್ಮ ಕೊಟ್ರೇಶನ ಮೇಲೆ ಬಿತ್ತು. ಅವನಿಗೆ ಬಂದದ್ದು ಕರೆಂಟು. ಮಿಕ್ಸಿಯ ಪಿನ್ನು ಮುಷ್ಟಿಯಲ್ಲಿ ಹಿಡಿದರೆ ಚಟ್ನಿ ನುಣ್ಣಗಾಗುತ್ತಿತ್ತು. ಬೇಸಗೆಯಲ್ಲಿ ಕರೆಂಟು ಹೋದಾಗಲೆಲ್ಲ ಬೀದಿಯ ನೀರಿನ ಮೋಟಾರು ಓಡಿಸಲು ಅವನನ್ನು ಕರೆದುಕೊಂಡು ಹೋಗುತ್ತಿದ್ದರು. ವಾಪಸ್ ಬಂದಾಗ ಅವನ ಕೈ ನಡುಗುತ್ತಿರುತ್ತಿತ್ತು. ತಟ್ಟೆಯ ಮುಂದೆಯೇ ತೂಕಡಿಸುತ್ತಿದ್ದ. ಅಮ್ಮ ಅನ್ನ ಕಲಸಿ ಬಾಯಿಗಿಡುತ್ತಿದ್ದಳು. ಅಪ್ಪನಿಗೆ ಹಿಗ್ಗೋ ಹಿಗ್ಗು. ಇದು ಖಂಡಿತ ವ್ಯಾನಿನ ಸರಕು ಎಂದುಕೊಂಡು ಅವನನ್ನು ರುದ್ರಮುನಿ ಮೇಷ್ಟ್ರ ಕೋಚಿಂಗಿಗೆ ಸೇರಿಸಿದ.

ಮೇಷ್ಟ್ರು ಕಲಿಸುವುದು ಶಕ್ತಿಯನ್ನಲ್ಲ, ಅದು ತಾನಾಗಿ ಬರುವಂಥದ್ದು. ಅವರು ಕಲಿಸುವುದು ಅಪಹರಣ ಮಾಡಿಸಿಕೊಳ್ಳುವುದನ್ನು. ಸುಮ್ಮನೆ ಹೋಗಿ ಹತ್ತಿ ಕೂತರೆ ಇವನಲ್ಲಿ ಕೆಚ್ಚಿಲ್ಲ ಅನ್ನುತ್ತಾರೆ. ಜಾಸ್ತಿ ಒದ್ದಾಡಿದರೆ ತಲೆನೋವು ಯಾರಿಗೆ ಬೇಕು ಎಂದು ಬಿಟ್ಟು ಹೋಗುತ್ತಾರೆ. ಎರಡರ ನಡುವೆ ಎಷ್ಟು ಒದೆಯಬೇಕು, ಯಾವಾಗ ಕಚ್ಚಬೇಕು, ಹಿಂದಿನ ಗಾಜಿನಲ್ಲಿ ಮುಖ ಒತ್ತಿ ಹೇಗೆ ನೋಡಬೇಕು, ಇದೆಲ್ಲ ಅಲ್ಲಿಯ ಪಾಠ. ಮೇಷ್ಟ್ರ ಸ್ವಂತ ಮಗ ಪ್ರಜ್ವಲ ನೆಲದಿಂದ ಗೇಣುದ್ದ ಮೇಲೆ ತೇಲುತ್ತಲೇ ಓಡಾಡುವವನು. ಒದೆಯುವುದರಲ್ಲಿ ಅವನೇ ಫಸ್ಟು. ಮೋಸವೂ ನಡೆಯುತ್ತಿತ್ತು. ಒಬ್ಬ ಭೂಪ ನೈಲಾನ್ ದಾರ ಕಟ್ಟಿ ಮಗಳನ್ನು ಹಾರಿಸಿ ತೋರಿಸಿ ಸಿಕ್ಕಿಬಿದ್ದ. ಆಮೇಲೆ ವ್ಯಾನು ಆ ಮನೆಯ ಕಡೆ ತಿರುಗಿಯೂ ನೋಡಲಿಲ್ಲ, ಊರವರು ಆ ಮನೆಯ ನೀರು ಕುಡಿಯುವುದನ್ನೂ ಬಿಟ್ಟರು.

ಮಕ್ಕಳಿಗೆ ಕೋಚಿಂಗಾದರೆ ಹೆತ್ತವರಿಗೆ ಶಾಸ್ತ್ರ. ವ್ಯಾನು ಹೊರಟಾಗ ತಾಯಿ ಗೇಟು ಹಿಡಿದು ಕೂಗಬೇಕು, ಆದರೆ ಗೇಟು ದಾಟಬಾರದು. ತಂದೆ ವ್ಯಾನಿನ ಹಿಂದೆ ಓಡಬೇಕು, ಬೀದಿಯ ಕೊನೆಯ ನಲ್ಲಿಕಟ್ಟೆಯ ತನಕ. ಒಂದು ಚಪ್ಪಲಿ ದಾರಿಯಲ್ಲಿ ಬಿದ್ದು ಹೋಗಬೇಕು. ನಲ್ಲಿಕಟ್ಟೆಯ ಹತ್ತಿರ ನಿಂತು ಏದುಸಿರು ಬಿಡುತ್ತ, ವ್ಯಾನು ತಿರುಗಿ ಹೋದ ಕಡೆ ಕೈ ಚಾಚಬೇಕು. ಆಮೇಲೆ ನೆರೆಹೊರೆಯವರು ಬಂದು ಕೈ ಕುಲುಕಿ ಮನೆಗೆ ಕರೆತರುತ್ತಾರೆ. ಅಷ್ಟು ಹೊತ್ತಿಗೆ ಪಾಯಸ ಆಗಿರುತ್ತದೆ. ಹೋದ ಸಲ ಹಿಟ್ಟಿನ ಗಿರಣಿಯ ಕರಿಯಣ್ಣ ಅರ್ಧ ಬೀದಿಗೇ ಸುಸ್ತಾಗಿ ನಿಂತುಬಿಟ್ಟ. ‘ಅವನಿಗೆ ಮಗಳ ಮೇಲೆ ಇದ್ದ ಪ್ರೀತಿ ಅಷ್ಟೇಯ’ ಎಂದು ಇವತ್ತಿಗೂ ಆಡಿಕೊಳ್ಳುತ್ತಾರೆ. ಆ ಮಾತು ಬರಬಾರದೆಂದು ಅಪ್ಪ ಬೆಳಗಿನ ಹೊತ್ತು ಶಾಲೆಯ ಮೈದಾನದಲ್ಲಿ ಓಡಿ ರೂಢಿ ಮಾಡಿಕೊಳ್ಳುತ್ತಿದ್ದ. ಬಲಗಾಲಿನ ಚಪ್ಪಲಿಯನ್ನು ಅಷ್ಟಕ್ಕೆಂದೇ ಸಡಿಲ ಮಾಡಿಸಿದ್ದ.

ಈ ಸಂಭ್ರಮದಲ್ಲಿ ಕೊಟ್ರೇಶನಿಗೆ ಏನು ಬೇಕು ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಿರಲಿಲ್ಲ. ಅವನೇ ಹೇಳಿದ. ಅಪ್ಪ ಮೈದಾನಕ್ಕೆ ಹೋಗಿದ್ದ ಬೆಳಗ್ಗೆ ಅಂಗಡಿಯಲ್ಲಿ ಅವನು ಗಾಜು ಕೊಯ್ಯುತ್ತ ಕೂತಿದ್ದ. ಅದು ಅವನಿಗೆ ಇಷ್ಟದ ಕೆಲಸ. ಗೆರೆ ಎಳೆದು ಮೆಲ್ಲಗೆ ಒತ್ತಿದಾಗ ಗಾಜು ಟಕ್ಕನೆ ಎರಡಾಗುವುದನ್ನು ಎಷ್ಟು ಸಲ ಕೇಳಿದರೂ ಅವನಿಗೆ ಸಾಕಾಗುವುದಿಲ್ಲ.

‘ಅಕ್ಕಾ, ನಂಗೆ ಹೋಗೋಕೆ ಮನಸ್ಸಿಲ್ಲ’ ಅಂದ.

‘ಯಾಕೋ?’

‘ಯಾಕೆ ಅಂದ್ರೆ? ಮನಸ್ಸಿಲ್ಲ. ಇಲ್ಲೇ ಅಪ್ಪನ ಜೊತೆ ಕಟ್ಟು ಹಾಕ್ಕೊಂಡಿರ್ತೀನಿ. ಹೋದೋರು ಯಾರಾದ್ರೂ ವಾಪಸ್ ಬಂದವ್ರಾ ಹೇಳು?’

‘ಅಪ್ಪಂಗೆ ಹೇಳು.’

‘ಹೇಳ್ದೆ. ಭಯ ಇರೋದು ಒಳ್ಳೇದೇ ಕಣೋ, ಅವತ್ತು ಮುಖದ ಮೇಲೆ ಚೆನ್ನಾಗಿ ಕಾಣ್ತೈತೆ ಅಂದ.’

ನನಗೆ ನಗು ಬಂತು. ನನ್ನ ತಮ್ಮ ಗಾಜಿನ ಚೂರುಗಳನ್ನು ಬೆರಳಿಗೆ ತಾಗದ ಹಾಗೆ ಪೇಪರಿನಲ್ಲಿ ಸುತ್ತುತ್ತಿದ್ದ. ಅವನ ಮೀಸೆ ಇನ್ನೂ ಸರಿಯಾಗಿ ಮೂಡಿರಲಿಲ್ಲ. ಇವನನ್ನು ನಾನು ಕಳಿಸುವುದಿಲ್ಲ ಎಂದು ಆಗಲೇ ನಿಶ್ಚಯ ಮಾಡಿದೆ. ‘ವ್ಯಾನು ನಿಲ್ಲಿಸ್ತೀನಿ’ ಅಂದೆ.

ಅವನು ತಲೆಯೆತ್ತಿ ನೋಡಿದ. ‘ಲೋಟ ನಿಲ್ಲಿಸಿದ್ದಿ. ರುಬ್ಬೋ ಕಲ್ಲು ನಿಲ್ಲಿಸಿದ್ದಿ. ವ್ಯಾನು ನಿಂತೀತಾ? ನಿಂತ್ರೂ, ನೀನೇ ಅಂತ ಗೊತ್ತಾದ್ರೆ ನಿನ್ನನ್ನೇ ಎತ್ಕೊಂಡು ಹೋಗ್ತಾರೆ.’

‘ಗೊತ್ತಾಗಲ್ಲ ಬಿಡು. ನಾನು ಮಳೆ ಹೇಳೋಳು’ ಅಂದೆ. ಧೈರ್ಯವಾಗಿಯೇ ಅಂದೆ. ಆದರೆ ಆವತ್ತಿನಿಂದ ರಸ್ತೆಯಲ್ಲಿ ಲಾರಿ ಹೋದಾಗಲೆಲ್ಲ ಅಂಗೈ ಬೆವರುತ್ತಿತ್ತು.

ವ್ಯಾನು ಬಂದೇ ಬಂತು. ದೀಪ ಹಚ್ಚುವ ಹೊತ್ತು. ನಮ್ಮಮ್ಮ ನೀಲಮ್ಮ ಕೊಟ್ರೇಶನ ಕ್ರಾಪು ಬಾಚಿ, ಮುಖಕ್ಕೆ ಪೌಡರು ಹಚ್ಚಿ, ಬುತ್ತಿಯಲ್ಲಿ ಅವನಿಗೆ ಇಷ್ಟದ ಶೇಂಗಾ ಹೋಳಿಗೆ ಇಟ್ಟಿದ್ದಳು. ಬೆಳಗಿನಿಂದ ಅವಳು ಒಂದು ಮಾತೂ ಆಡಿರಲಿಲ್ಲ. ಗಂಟಲು ಉಳಿಸಿಕೊಳ್ಳುತ್ತಿದ್ದಾಳೆ ಎಂದು ಅಪ್ಪ ಎಲ್ಲರಿಗೂ ಹೇಳಿದ. ನಾನು ಕೊಡ ಎತ್ತಿಕೊಂಡು ನೀರಿಗೆ ಹೋಗುವವಳ ಹಾಗೆ ನಲ್ಲಿಕಟ್ಟೆಗೆ ನಡೆದೆ. ಅಲ್ಲಿ ಚರಂಡಿಯ ಮೇಲೆ ಒಂದು ದೊಡ್ಡ ಹಂಪು ಇದೆ, ಎಂಥ ಗಾಡಿಯಾದರೂ ನಿಂತ ಹಾಗೆ ಮಾಡಿಯೇ ದಾಟಬೇಕು. ಕಟ್ಟೆಯ ಮಗ್ಗುಲಲ್ಲಿ ಕೂತು ಕೊಡ ತಿಕ್ಕತೊಡಗಿದೆ.

ಬೀದಿಯ ಆ ತುದಿಯಲ್ಲಿ ಗಲಾಟೆ ಕೇಳಿಸಿತು. ಹಿತ್ತಿಲ ಬಾಗಿಲು ದಡಾರನೆ ತೆರೆದ ಸದ್ದು, ಕೊಟ್ರೇಶನ ಕೂಗು, ಪಾತ್ರೆಗಳು ಬಿದ್ದದ್ದು. ಪಾತ್ರೆಗಳನ್ನು ಅಪ್ಪ ಬೆಳಗ್ಗೆಯೇ ಜೋಡಿಸಿಟ್ಟಿದ್ದ. ಆಮೇಲೆ ಅಮ್ಮನ ಕೂಗು. ಬೇರೆ ತಾಯಂದಿರ ಕೂಗು ಎಷ್ಟೋ ಕೇಳಿದ್ದೇನೆ, ಒಂದು ಧಾಟಿ ಇರುತ್ತದೆ, ಕೊನೆಯಲ್ಲಿ ಎಳೆಯುತ್ತಾರೆ. ಇದಕ್ಕೆ ಧಾಟಿ ಇರಲಿಲ್ಲ. ಅರ್ಧಕ್ಕೇ ಕಡಿದುಹೋಯಿತು. ಸರ್ವಕ್ಕ ಗೇಟಿನಲ್ಲಿ ನಿಂತು, ‘ನೀಲಮ್ಮ ಪ್ರಾಕ್ಟೀಸು ಮಾಡಿಲ್ಲ ಅನ್ಸುತ್ತೆ’ ಎಂದಳಂತೆ.

ವ್ಯಾನು ಬಂದು ಹಂಪಿನ ಮೇಲೆ ನಿಧಾನ ಮಾಡಿತು. ನಾನು ಕುಕ್ಕರಗಾಲಲ್ಲೇ ಸರಿದು ಹಿಂದಿನ ಬಂಪರಿನ ಮೇಲೆ ಅಂಗೈ ಒತ್ತಿದೆ. ಇಂಜಿನು ಗುರುಗುಟ್ಟಿತು, ಚಕ್ರ ಒಂದು ಸುತ್ತೂ ಸುತ್ತಲಿಲ್ಲ. ಹೊಗೆ ನನ್ನ ಮುಖಕ್ಕೇ ಹೊಡೆಯಿತು. ಭುಜ ಕಿತ್ತು ಬರುತ್ತದೇನೋ ಅಂದುಕೊಂಡಿದ್ದೆ. ಹಾಗೇನೂ ಆಗಲಿಲ್ಲ. ಲೋಟ ಹಿಡಿದದ್ದಕ್ಕೂ ಇದಕ್ಕೂ ನನ್ನ ಕೈಗೆ ವ್ಯತ್ಯಾಸವೇ ತಿಳಿಯಲಿಲ್ಲ.

ಅಷ್ಟರಲ್ಲಿ ಅಪ್ಪ ಓಡಿ ಬಂದ. ಒಳ್ಳೆಯ ಓಟ. ಚಪ್ಪಲಿ ಸರಿಯಾದ ಜಾಗದಲ್ಲೇ ಬಿದ್ದಿತ್ತು, ಜನ ಎರಡೂ ಕಡೆಯ ಗೇಟುಗಳಲ್ಲಿ ನಿಂತು ತಲೆಯಾಡಿಸುತ್ತಿದ್ದರು. ಕಣ್ಣೆತ್ತಿ ನೋಡಿದರೆ ವ್ಯಾನು ಮುಂದೆಯೇ ನಿಂತಿದೆ. ಅಪ್ಪ ಓಟ ನಿಧಾನ ಮಾಡಿದ. ವ್ಯಾನು ಹೋಗಲಿಲ್ಲ. ಇನ್ನೂ ನಿಧಾನ ಮಾಡಿದ. ಕೊನೆಗೆ ದಾರಿ ತೋಚದೆ ನಿಂತಲ್ಲೇ ಕಾಲು ಎತ್ತಿ ಎತ್ತಿ ಹಾಕತೊಡಗಿದ. ನಮ್ಮೂರಿನ ಚರಿತ್ರೆಯಲ್ಲಿ ಯಾವ ತಂದೆಯೂ ವ್ಯಾನನ್ನು ಹಿಡಿದಿರಲಿಲ್ಲ. ಹಿಡಿದರೆ ಏನು ಮಾಡಬೇಕು ಎಂಬುದಕ್ಕೆ ಶಾಸ್ತ್ರದಲ್ಲಿ ಏನೂ ಇರಲಿಲ್ಲ.

ಡ್ರೈವರು ಕಿಟಕಿಯಿಂದ ತಲೆ ಹಾಕಿದ. ‘ಏನ್ರೀ ಯಜಮಾನ್ರೇ, ಇಷ್ಟು ಹತ್ರ ಬಂದ್ಬಿಟ್ರಲ್ಲ! ಪದ್ಧತಿ ಗೊತ್ತಿಲ್ವಾ?’

‘ತಪ್ಪಾಯ್ತು ಸಾರ್’ ಅಂದ ಅಪ್ಪ, ಏದುಸಿರಿನಲ್ಲಿ. ‘ನೀವು ಹೋಗಿರ್ತೀರಿ ಅಂದ್ಕಂಡೆ.’

‘ಹೋಗೋಣ ಅಂದ್ರೆ ಗಾಡಿ ಹೋಗ್ಬೇಕಲ್ರೀ. ಸ್ವಲ್ಪ ತಳ್ಳಿ.’

ಅಪ್ಪ ಹಿಂದೆ ಮುಂದೆ ನೋಡಲಿಲ್ಲ. ತನ್ನ ಮಗ ಒಳಗಿದ್ದ ವ್ಯಾನಿಗೆ ಎರಡೂ ಕೈ ಕೊಟ್ಟು, ತಳ್ಳತೊಡಗಿದ. ‘ಬರ್ರಪ್ಪಾ, ಒಂದ್ ಕೈ ಹಚ್ರಿ’ ಎಂದು ನೆರೆಯವರನ್ನೂ ಕರೆದ. ಪಾಯಸಕ್ಕೆಂದು ಬಂದಿದ್ದವರೆಲ್ಲ ಪಂಚೆ ಎತ್ತಿ ಕಟ್ಟಿ ಬಂದರು. ಕರಿಯಣ್ಣ ಬಂದ, ಸರ್ವಕ್ಕನ ಗಂಡ ಬಂದ. ಪಕ್ಕದ ಬೀದಿಯಲ್ಲಿ ಆಗಷ್ಟೇ ತಮ್ಮ ಓಟ ಮುಗಿಸಿದ್ದ ರುದ್ರಮುನಿ ಮೇಷ್ಟ್ರೂ ಬಂದರು. ಅವರ ಪ್ರಜ್ವಲ ಆಗಲೇ ವ್ಯಾನಿನೊಳಗಿದ್ದ. ‘ಎಲ್ಲಾ ಒಟ್ಟಿಗೆ, ಹೂಂ!’ ಎಂದು ಮೇಷ್ಟ್ರು ಕೂಗಿದರು. ಬೀದಿಗೆ ಬೀದಿಯೇ ವ್ಯಾನಿಗೆ ಹೆಗಲು ಕೊಟ್ಟಿತು. ನನ್ನ ಒಂದು ಕೈ ಬಂಪರಿನ ಮೂಲೆಯಲ್ಲಿತ್ತು. ವ್ಯಾನು ಕೂದಲಿನಷ್ಟೂ ಸರಿಯಲಿಲ್ಲ.

ತಳ್ಳುತ್ತ ತಳ್ಳುತ್ತ ಅಪ್ಪನ ಮುಖ ಕೆಳಗೆ ಬಾಗಿತು. ಅವನಿಗೆ ನಾನು ಕಂಡೆ. ನನ್ನ ಕೈ ಕಂಡಿತು.

‘ಬಿಡೇ ಮುಕ್ತಾ’ ಎಂದ, ತುಟಿ ಅಲ್ಲಾಡದ ಹಾಗೆ. ‘ಜನ ನೋಡ್ತಾವ್ರೆ.’

‘ಬಿಡಲ್ಲ.’

‘ಅವನ ಬಾಳು ಹಾಳು ಮಾಡಬ್ಯಾಡ ಕಣೇ. ನಿಂಗೆ ಕೈ ಮುಗೀತೀನಿ.’

‘ಅವನನ್ನೇ ಕೇಳು’ ಅಂದೆ. ನನಗೆ ಅಳು ಬಂದುಬಿಟ್ಟಿತು. ಸಿಟ್ಟಿನಲ್ಲಿ ನನಗೆ ಯಾವಾಗಲೂ ಅಳುವೇ ಬರುತ್ತದೆ.

ವ್ಯಾನಿನ ಹಿಂದಿನ ಬಾಗಿಲ ಸಂದಿಯಿಂದ ಕೊಟ್ರೇಶನ ದನಿ ಬಂತು. ಮೇಷ್ಟ್ರು ಕಲಿಸಿದ ದನಿಯಲ್ಲ, ಮನೆಯಲ್ಲಿ ನೀರು ಕೇಳುವ ದನಿ. ‘ಅಪ್ಪಾ? ಅದು ನೀನಾ?’

ತಳ್ಳುತ್ತಿದ್ದವರೆಲ್ಲ ನಿಂತುಬಿಟ್ಟರು. ವ್ಯಾನಿನ ಒಳಗಿನಿಂದ ಮಗುವಿನ ಮಾತು ಯಾರೂ ಎಂದೂ ಕೇಳಿರಲಿಲ್ಲ. ಅಷ್ಟು ಹತ್ತಿರಕ್ಕೆ ಯಾರೂ ಬಂದಿರಲೇ ಇಲ್ಲ.

‘ಅಪ್ಪಾ, ನಿಜವಾಗ್ಲೂ ಓಡಿ ಬಂದ್ಯಾ?’

ಅಪ್ಪನ ಎರಡೂ ಕೈ ಇನ್ನೂ ಬಾಗಿಲ ಮೇಲೇ ಇದ್ದವು. ಅವನು ಸುತ್ತ ನೋಡಿದ. ಕರಿಯಣ್ಣ ನೆಲ ನೋಡುತ್ತಿದ್ದ. ಅಪ್ಪ ಬಾಗಿಲ ಸಂದಿಗೆ ಬಾಯಿ ತಂದ. ‘ಹೂಂ ಕಣಪ್ಪಾ’ ಅಂದ. ‘ಓಡಿ ಬಂದೆ.’

ಹಾಗೆಂದುಬಿಟ್ಟ ಮೇಲೆ ಬಾಗಿಲು ತೆಗೆಯದೆ ಅವನಿಗೆ ಗತಿಯಿರಲಿಲ್ಲ. ಆ ಬಾಗಿಲಿಗೆ ಬೀಗವೂ ಇರಲಿಲ್ಲ, ಹೊರಗಿನಿಂದ ಹಾಕಿದ ಒಂದು ಬಡ ಚಿಲಕ, ನಮ್ಮ ಬಚ್ಚಲಿಗೆ ಇರುವಂಥದ್ದು. ಇಷ್ಟು ವರ್ಷ ಬೀಗ ಯಾರಿಗೂ ಬೇಕಾಗಿರಲಿಲ್ಲ. ಅಪ್ಪ ಚಿಲಕ ಸರಿಸಿದ. ಬಾಗಿಲು ತೆರೆಯಿತು. ಕೊಟ್ರೇಶ ಬುತ್ತಿ ಸಮೇತ ಅವನ ಮೇಲೆ ಬಿದ್ದ. ಒಳಗೆ ಸೀಟಿನಿಂದ ಗೇಣುದ್ದ ಮೇಲೆ ತೇಲುತ್ತ ಬೆಲ್ಟು ಕಟ್ಟಿಕೊಂಡು ಕೂತಿದ್ದ ಪ್ರಜ್ವಲ ಹುಬ್ಬು ಗಂಟಿಕ್ಕಿ, ‘ಬಾಗ್ಲು ಹಾಕ್ರಿ, ಎಸಿ ಎಲ್ಲಾ ಹೊರಗೆ ಹೋಗ್ತೈತೆ’ ಅಂದ.

ಮುಂದಿನ ಸೀಟಿನಿಂದ ಸಫಾರಿ ಸೂಟಿನವರೊಬ್ಬರು ಇಳಿದು ಬಂದರು. ಗದರುತ್ತಾರೆ ಅಂದುಕೊಂಡರೆ ಅವರ ಕಣ್ಣು ಹುಡುಗನ ಕಡೆ ಇರಲೇ ಇಲ್ಲ. ಚಕ್ರಗಳನ್ನು ನೋಡಿದರು, ಹಂಪನ್ನು ನೋಡಿದರು, ಬೆವರಿ ನಿಂತ ಗಂಡಸರನ್ನು ನೋಡಿದರು. ಮುಖ ಅರಳಿತು. ‘ಇಷ್ಟು ಜನ ತಳ್ಳಿದ್ರೂ ಹೋಗಲಿಲ್ವಾ? ಯಾರು ನಿಲ್ಸಿದ್ದು ಇದನ್ನ?’ ಅಂದರು. ‘ಹುಡುಗ ಬೇಕಾದ್ರೆ ಮನೆಗೆ ಹೋಗ್ಲಿ ಬಿಡ್ರೀ. ನಿಲ್ಸಿದೋರು ಯಾರು ಹೇಳಿ. ಅಂಥವರನ್ನೇ ನಾವು ಊರೂರು ಹುಡುಕ್ತಾ ಇರೋದು.’

ನಾನು ಆಗಲೇ ಕೈ ತೆಗೆದು ಕೊಡ ಅಪ್ಪಿಕೊಂಡು ನಿಂತಿದ್ದೆ. ಡ್ರೈವರು ಇಂಜಿನು ಆರಿಸಿದ್ದ, ಹಾಗಾಗಿ ವ್ಯಾನು ನಿಂತೇ ಇತ್ತು. ಆದರೆ ಬಂಪರಿನ ಧೂಳಿನ ಮೇಲೆ ಐದು ಬೆರಳು ಅಚ್ಚೊತ್ತಿದ್ದವು, ನನ್ನ ಅಂಗೈ ಕಪ್ಪಗಿತ್ತು. ಅದನ್ನು ಮೊದಲು ಕಂಡವರು ರುದ್ರಮುನಿ ಮೇಷ್ಟ್ರು. ‘ಸಾರ್!’ ಎಂದು ಕೂಗಿದರು, ಸಂತೋಷ ತಡೆಯಲಾರದೆ. ‘ಈ ಹುಡುಗಿ ಸಾರ್! ಹಾಲೇಶಪ್ಪನ ಮಗಳು! ಹಾಲೇಶಣ್ಣಾ, ಬಂಪರ್ ಹೊಡೆದ್ಬಿಟ್ಟೆ ಕಣಯ್ಯ!’

ಸಫಾರಿಯವರು ನನ್ನ ಕಡೆ ತಿರುಗಿದರು. ನನ್ನ ಶಕ್ತಿ ವ್ಯಾನು ನಿಲ್ಲಿಸಬಲ್ಲದು, ನನ್ನನ್ನು ನಾಲ್ಕೂ ಕಡೆಯಿಂದ ಹೊತ್ತುಕೊಂಡು ಹೋಗುವ ಕೈಗಳನ್ನಲ್ಲ. ನಾನು ಅಪ್ಪನನ್ನು ನೋಡಿದೆ. ಮಗನೂ ಮನೆಯಲ್ಲಿ ಉಳಿಯುತ್ತಾನೆ, ಗೋ‍ಡೆಯೂ ತುಂಬುತ್ತದೆ, ವ್ಯಾನಿನವರೇ ಕೇಳಿಕೊಂಡು ಬಂದ ಮನೆ ನಮ್ಮದು ಎಂದು ಊರೆಲ್ಲ ಹೇಳಿಕೊಂಡು ತಿರುಗಬಹುದು. ಅಪ್ಪನಿಗೆ ಅದು ಹೊಳೆಯದೆ ಇರಲಿಲ್ಲ. ಅವನ ಮುಖದ ಮೇಲೆ ಅದು ಬಂದು ಹೋದದ್ದನ್ನು ನಾನು ಕಣ್ಣಾರೆ ಕಂಡೆ. ಅದಕ್ಕೇ ಆಮೇಲೆ ಅವನು ಆಡಿದ ಮಾತಿಗೆ ನನ್ನಲ್ಲಿ ಇಷ್ಟು ಬೆಲೆ.

‘ಅವಳಿಗೆ ಏನೂ ಬಂದಿಲ್ಲ ಸಾರ್’ ಅಂದ.

ಗೇಟುಗಳಲ್ಲಿದ್ದವರೆಲ್ಲ ಒಮ್ಮೆಲೇ ಅಪ್ಪನ ಕಡೆ ತಿರುಗಿದರು.

‘ಏನೂ ಬಂದಿಲ್ಲ’ ಅಪ್ಪ ಇನ್ನೊಮ್ಮೆ ಅಂದ, ಎಲ್ಲರಿಗೂ ಕೇಳುವ ಹಾಗೆ. ‘ಮಳೆ ಹೇಳ್ತಾಳೆ ಅಂತ ನಾನೇ ಸುಳ್ಳು ಹಬ್ಬಿಸಿದ್ದೆ. ಶುದ್ಧ ಸೊನ್ನೆ. ಇವನಿಗೂ ಇಲ್ಲ ಸಾರ್. ಅಂಗಿ ಒಳಗೆ ನಾನೇ ಬ್ಯಾಟ್ರಿ ಕಟ್ಟಿ ಕಳಿಸ್ತಿದ್ದೆ.’

ಸಫಾರಿಯವರ ನಗು ಮಾಯವಾಯಿತು. ದಾರ ಕಟ್ಟಿ ಮಗಳನ್ನು ಹಾರಿಸಿದ್ದನ್ನು ಹಿಡಿದಿದ್ದವರು ಇವರೇ. ಜೇಬಿನಿಂದ ಒಂದು ಟಾರ್ಚಿನ ಬಲ್ಬು ತೆಗೆದು ಕೊಟ್ರೇಶನ ಕೈಗಿಟ್ಟು, ‘ಹಿಡ್ಕೋ’ ಎಂದರು. ಕೊಟ್ರೇಶ ಹಿಡಿದ. ಹೊತ್ತಿಸುವುದು ಅವನಿಗೆ ತಾನಾಗಿ ಬಂದಿತ್ತು, ಆರಿಸುವುದನ್ನು ಯಾರೂ ಕಲಿಸಿರಲಿಲ್ಲ. ಅವನ ಕಿವಿಯ ಹಿಂದೆ ಬೆವರು ಇಳಿಯುತ್ತಿತ್ತು. ಬಲ್ಬಿನೊಳಗೆ ಕೆಂಪನೆಯ ಒಂದು ಎಳೆ ಮೂಡತೊಡಗಿತು. ಅಪ್ಪ ಅವನ ಕೆನ್ನೆಗೆ ಫಟ್ಟನೆ ಒಂದು ಬಿಟ್ಟ. ‘ಇನ್ನೂ ನಾಟಕ ಆಡ್ತೀಯೇನೋ! ಸಾಹೇಬ್ರ ಎದುರಿಗೆ! ತೆಗಿಯೋ ಬ್ಯಾಟ್ರೀನ!’ ಬಲ್ಬು ಕೆಳಗೆ ಬಿದ್ದು ಒಡೆಯಿತು. ಅಪ್ಪ ಅವನನ್ನು ತನ್ನ ಬೆನ್ನ ಹಿಂದಕ್ಕೆ ಎಳೆದುಕೊಂಡ.

‘ಮತ್ತೆ ಈ ಗಾಡಿ?’ ಸಫಾರಿಯವರು ಬಿಡಲಿಲ್ಲ. ‘ಇದು ಯಾಕೆ ನಿಂತ್ಕೊಳ್ತು? ಮೇಷ್ಟ್ರು ಈ ಹುಡುಗೀನೇ ಅಂತಾರಲ್ಲ?’

ಕರಿಯಣ್ಣ ಗಂಟಲು ಸರಿಮಾಡಿಕೊಂಡ. ‘ಆ ಹುಡುಗಿನಾ ಸಾರ್? ಆ ಹುಡುಗಿ ಗಾಡಿ ನಿಲ್ಸೋದಿರ್ಲಿ, ಅದರ ಜಡೆ ಅದು ಸರಿಯಾಗಿ ಹಾಕ್ಕೊಂಡ್ರೆ ದೊಡ್ಡದು.’

‘ನಮ್ಮ ಸಂಡಿಗೆ ಎಲ್ಲಾ ಹಾಳು ಮಾಡಿದ್ಲು ಸಾರ್’ ಎಂದಳು ಸರ್ವಕ್ಕ ಗೇಟಿನಿಂದಲೇ. ‘ನಂಗೆ ಅವತ್ತೇ ಗೊತ್ತಿತ್ತು, ಇದು ದಂಡಪಿಂಡ ಅಂತ.’

‘ಶಾಲೇಲೂ ಅಷ್ಟೇಯ, ಬರೀ ಕಡೇ ಬೆಂಚು.’

‘ಕೊಡ ತಿಕ್ಕೋಕೂ ಬರಲ್ಲ, ನೋಡಿ ಮಸಿ ಹೆಂಗೆ ಮೆತ್ಕೊಂಡೈತೆ.’

ಒಬ್ಬರಾದ ಮೇಲೆ ಒಬ್ಬರು. ಅರ್ಧ ಜನ ನನ್ನನ್ನು ಉಳಿಸಬೇಕೆಂದು ಬೈದರು. ಇನ್ನರ್ಧ ಜನ, ಹಾಲೇಶಪ್ಪನ ಮನೆಗೆ ಬಂಪರ್ ಹೊಡೆಯುವುದನ್ನು ನೋಡಲಾರದೆ ಬೈದರು. ಯಾರು ಯಾವುದಕ್ಕೆ ಎಂದು ನನಗೆ ತಿಳಿಯಲಿಲ್ಲ, ಅವರಿಗೂ ತಿಳಿದಿತ್ತೋ ಇಲ್ಲವೋ. ಒಂದೊಂದು ಬೈಗುಳಕ್ಕೂ ಸಫಾರಿಯವರ ಮುಖ ಒಂದಿಷ್ಟು ಸಪ್ಪೆಯಾಗುತ್ತ ಹೋಯಿತು. ಡ್ರೈವರು ಇಂಜಿನು ಶುರು ಮಾಡಿದ. ವ್ಯಾನು ಜರ್ರನೆ ಒಂದು ಮೊಳ ಮುಂದೆ ಹೋಯಿತು. ‘ಗೇರು ಸಿಕ್ಕಾಕ್ಕೊಂಡಿತ್ತು ಸಾರ್!’ ಎಂದು ಕೂಗಿದ.

‘ಈ ಬೀದಿಗೆ ಇನ್ನು ಬರೋದೇ ಬೇಡ’ ಎಂದು ಸಫಾರಿಯವರು ಹತ್ತಿ ಕೂತರು.

ಹಿಂದಿನ ಬಾಗಿಲು ಇನ್ನೂ ತೆರೆದೇ ಇತ್ತು. ಅದರ ಎದುರಿಗೆ ಮೇಷ್ಟ್ರು ನಿಂತಿದ್ದರು. ಒಳಗೆ ಪ್ರಜ್ವಲ. ಕೈ ಚಾಚಿದರೆ ಸಿಗುತ್ತಿದ್ದ. ‘ಅಪ್ಪಾ, ಬಾಗ್ಲು’ ಅಂದ ಅವನು. ಮೇಷ್ಟ್ರು ಬಾಗಿಲು ಮುಚ್ಚಿದರು, ಚಿಲಕ ಹಾಕಿದರು. ವ್ಯಾನು ಹೊರಟಾಗ ಅವರ ಬೆರಳು ಚಿಲಕವನ್ನು ಬಿಟ್ಟಿರಲಿಲ್ಲ. ನಾಲ್ಕು ಹೆಜ್ಜೆ ಅದರ ಜೊತೆಗೇ ಹೋದರು, ಆಮೇಲೆ ಬಿಟ್ಟರು. ಅವರ ಓಟ ಆಗಲೇ ಮುಗಿದಿತ್ತಾದ್ದರಿಂದ ಈ ನಾಲ್ಕು ಹೆಜ್ಜೆ ಯಾವ ಲೆಕ್ಕಕ್ಕೆ ಎಂದು ಯಾರಿಗೂ ಹೊಳೆಯಲಿಲ್ಲ. ಕೈ ಕುಲುಕಲು ಯಾರೂ ಮುಂದೆ ಬರಲಿಲ್ಲ.

ಆಗ ಅಮ್ಮ ಬಂದಳು. ಗೇಟು ದಾಟಿ, ಬರಿಗಾಲಲ್ಲಿ, ಸೆರಗು ನೆಲಕ್ಕೆ ಎಳೆಯುತ್ತ. ಬೀದಿಯ ಉದ್ದಕ್ಕೂ ಹೆಂಗಸರು ಬಾಯಿ ಮೇಲೆ ಕೈ ಇಟ್ಟುಕೊಂಡರು. ಕೊಟ್ರೇಶನ ಕೆನ್ನೆಯನ್ನು ಒಮ್ಮೆ ಮುಟ್ಟಿ ನೋಡಿದಳು, ನೇರ ನನ್ನ ಹತ್ತಿರ ಬಂದು ನನ್ನ ಮುಂಗೈ ಹಿಡಿದಳು. ವ್ಯಾನಿನ ಕೆಂಪು ದೀಪ ತಿರುವಿನಲ್ಲಿ ಇನ್ನೂ ಕಾಣುತ್ತಿತ್ತು.

‘ಒಂದು ಕೊಡ ನೀರು ತಾ ಅಂದ್ರೆ ಬೀದಿಯೆಲ್ಲಾ ಸೇರಿಸ್ಕೊಂಡು ನಿಂತವ್ಳೆ!’ ಎಂದು ಶುರು ಮಾಡಿದಳು. ಊರಿಗೇ ಕೇಳಬೇಕು, ಆ ವ್ಯಾನಿಗೂ ಕೇಳಬೇಕು, ಅಂಥ ದನಿ. ‘ಯಾತಕ್ಕೂ ಬಾರದೋಳು! ಹೆತ್ತಿದ್ದೇ ದಂಡ! ಇಂಥೋಳನ್ನ ಯಾರು ಎತ್ಕೊಂಡು ಹೋಗ್ತಾರೆ, ಯಾರಿಗೆ ಬೇಕಾಗೈತೆ ಇವಳು!’ ದಾರಿಯುದ್ದಕ್ಕೂ ಬೈದಳು. ವ್ಯಾನಿನ ಸದ್ದು ಪೂರ್ತಿ ಅಡಗಿದ ಮೇಲೂ ಬೈದಳು. ಮನೆಯೊಳಗೆ ಬಂದು, ಹಿತ್ತಿಲ ಬಾಗಿಲಿಗೆ ಚಿಲಕ ಹಾಕುವಾಗಲೂ, ನನಗೆ ಅನ್ನ ಬಡಿಸುವಾಗಲೂ, ಅಳುತ್ತ ಬೈಯುತ್ತಲೇ ಇದ್ದಳು. ಅವಳು ಒಂದೇ ಕೈಯಲ್ಲಿ ಬಡಿಸಿದಳು, ನಾನು ಎಡಗೈಯಲ್ಲಿ ಉಂಡೆ, ಯಾಕೆಂದರೆ ನನ್ನ ಬಲಗೈಯನ್ನು ಅವಳು ಇನ್ನೂ ಬಿಟ್ಟಿರಲಿಲ್ಲ.